ಓದುಗರ ಪ್ರಶ್ನೆಗಳಿಗೆ ಉತ್ತರ: ಮಳೆಗಾಲ ಮತ್ತು ಪ್ರೋಟೀನ್ ಪುಡಿಯ ಡಬ್ಬ

ಮೃಗಶಿರ ಮಳೆ ಹಿಡಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಜಿಮ್‌ಗೆ ಹೋಗುವ ಯುವಕರು, ವೈದ್ಯರ ಸಲಹೆಯಂತೆ ಮನೆಯ ಹಿರಿಯರಿಗೆ ಪ್ರೋಟೀನ್ ಪುಡಿ ಕೊಡುತ್ತಿರುವವರು, ಮನೆಯಲ್ಲೇ ಕಾಳು ಹುರಿದು ಪುಡಿ ಮಾಡಿಕೊಳ್ಳುವವರು, ಎಲ್ಲರೂ ಕೇಳಿರುವುದು ಈ ಪುಡಿ ಎಷ್ಟು ದಿನ ಬಾಳುತ್ತದೆ, ಅದನ್ನು ಎಲ್ಲಿ, ಹೇಗೆ ಇಡಬೇಕು ಎಂದು. ಹೀಗಾಗಿ ಈ ಸಂಚಿಕೆಯ ಪುಟವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವನು. ಏಪ್ರಿಲ್ ಕೊನೆಯಲ್ಲಿ ರಿಯಾಯಿತಿ ದರದಲ್ಲಿ 2 ಕಿಲೋ ವೇ ಪ್ರೋಟೀನ್ ಡಬ್ಬ ತರಿಸಿ ಬಳಸಲು ಆರಂಭಿಸಿದೆ. ನಡುವೆ ಒಂದು ತಿಂಗಳು ಊರಿನಲ್ಲಿರಲಿಲ್ಲ. ಈಗ ಜುಲೈನಲ್ಲಿ ನೋಡಿದರೆ ಪುಡಿ ಗಂಟುಗಂಟಾಗಿದೆ, ಬಣ್ಣವೂ ಕೊಂಚ ಕಂದಾಗಿದೆ. ಡಬ್ಬದ ಮೇಲಿನ ಅವಧಿ ಮುಗಿಯಲು ಇನ್ನೂ 8 ತಿಂಗಳಿದೆ. ಹೀಗೇಕಾಯಿತು? ಗಂಟು ಒಡೆದು ಬಳಸಬಹುದೇ? ಬಿಸಿಲು ಬಿದ್ದಾಗ ಒಣಗಿಸಿಕೊಂಡರೆ ಸರಿಯಾದೀತೇ?

ಉತ್ತರ: ಡಬ್ಬದ ಮೇಲೆ ದಿನಾಂಕದ ಆಸುಪಾಸಿನಲ್ಲೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ. ತಂಪಾದ, ತೇವವಿಲ್ಲದ ಜಾಗದಲ್ಲಿ ಇಡಿ ಎನ್ನುವ ಆ ಸಾಲನ್ನು ದಿನಾಂಕದ ಜೊತೆಗೆ ಸೇರಿಸಿಯೇ ಓದಬೇಕು. ತಯಾರಕರು ಸಾಮಾನ್ಯವಾಗಿ ತಯಾರಾದ ದಿನದಿಂದ 18ರಿಂದ 24 ತಿಂಗಳ ಅವಧಿ ಕೊಡುತ್ತಾರೆ. ಅದು ಸೀಲ್ ಒಡೆಯದ, ಅವರು ಹೇಳಿದಂತೆ ಇಟ್ಟ ಡಬ್ಬಕ್ಕೆ ಸಲ್ಲುವ ಅವಧಿ. ಒಳಗಿನ ಬೆಳ್ಳಿ ಹಾಳೆಯ ಸೀಲ್ ಹರಿದ ದಿನದಿಂದ ಹೊಸ ಲೆಕ್ಕ ಶುರುವಾಗುತ್ತದೆ, ಆ ಲೆಕ್ಕ ಇಡಬೇಕಾದವರು ನಾವು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುವ ಕಾರವಾರದಲ್ಲಿ ಆ ಲೆಕ್ಕ ಒಣ ಊರಿನವರ ಲೆಕ್ಕಕ್ಕಿಂತ ಬಹಳ ಬಿಗಿಯಾದದ್ದು.

ಅಡುಗೆಮನೆಯ ಉಪ್ಪಿನ ಪಾತ್ರೆಯನ್ನೇ ನೋಡಿ. ಸಾಣಿಕಟ್ಟೆಯ ಹರಳುಪ್ಪನ್ನು ಬೇಸಿಗೆಯಲ್ಲಿ ಭರಣಿಗೆ ತುಂಬುವಾಗ ಅದು ಕೈಗೆ ಅಂಟುವುದಿಲ್ಲ. ಆಷಾಢ ಬಂದಾಗ ಅದೇ ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ. ಯಾರೂ ನೀರು ಹಾಕಿದ್ದಲ್ಲ, ಗಾಳಿಯೊಳಗಿನ ತೇವವನ್ನು ಉಪ್ಪು ತಾನೇ ಎಳೆದುಕೊಂಡದ್ದು. ವೇ ಪುಡಿಯಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡುವುದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್. ಹಾಲಿನಿಂದ ಚೀಸ್ ತೆಗೆದ ಮೇಲೆ ಉಳಿಯುವ ತಿಳಿಯನ್ನು ಸೋಸಿ, ಬಿಸಿ ಗಾಳಿಯಲ್ಲಿ ತುಂತುರಾಗಿ ಸಿಂಪಡಿಸಿ ಒಣಗಿಸಿದಾಗ ವೇ ಪುಡಿ ಸಿಗುತ್ತದೆ. ಅಷ್ಟು ಬೇಗ ಒಣಗುವುದರಿಂದ ಲ್ಯಾಕ್ಟೋಸ್‌ಗೆ ಹರಳುಗಟ್ಟಲು ಸಮಯವೇ ಸಿಗುವುದಿಲ್ಲ. ಹರಳುಗಟ್ಟದೆ ಉಳಿದ ಆ ಸಕ್ಕರೆ ತೇವ ಸಿಕ್ಕಿದೊಡನೆ ಅಂಟಂಟಾಗಿ, ಪಕ್ಕದ ಕಣಗಳನ್ನು ಹಿಡಿದು ಗಂಟು ಕಟ್ಟುತ್ತದೆ. ಕಾನ್ಸಂಟ್ರೇಟ್ ಎಂದು ಬರೆದಿರುವ ಪುಡಿಯಲ್ಲಿ ಈ ಸಕ್ಕರೆ ಹೆಚ್ಚು, ಐಸೋಲೇಟ್ ಎಂದು ಬರೆದಿರುವುದರಲ್ಲಿ ಬಹಳ ಕಡಿಮೆ. ಬೆಲೆ ನೋಡಿ ಬಹಳ ಜನ ಮೊದಲನೆಯದನ್ನೇ ಕೊಳ್ಳುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಳೆಗಾಲದಲ್ಲಿ ಅದಕ್ಕೆ ಕಾವಲು ಜಾಸ್ತಿ ಬೇಕು ಎಂಬುದು ತಿಳಿದಿರಲಿ.

ಗಂಟು ಕಟ್ಟಿದ ಮಾತ್ರಕ್ಕೆ ಪುಡಿ ಕೆಟ್ಟಿತೆಂದಲ್ಲ. ಮುಂದಿನ ಹಂತವನ್ನು ತಿಳಿಯಲು ಒಂದು ಲೆಕ್ಕ ಗೊತ್ತಿರಬೇಕು. ಆಹಾರದಲ್ಲಿ ಸೂಕ್ಷ್ಮಜೀವಿಗಳ ಕೈಗೆ ಸಿಗುವಂತಿರುವ ನೀರನ್ನು 0ಯಿಂದ 1ರವರೆಗಿನ ಅಳತೆಯಲ್ಲಿ ಹೇಳುತ್ತಾರೆ. 0.6ಕ್ಕಿಂತ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ, 0.7 ದಾಟಿದರೆ ಬೂಷ್ಟು ಬರಲು ಆರಂಭ, ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ 0.9ಕ್ಕಿಂತ ಹೆಚ್ಚು ಬೇಕು. ಕಾರ್ಖಾನೆಯಿಂದ ಹೊರಟ ಪುಡಿ 0.6ಕ್ಕಿಂತ ಬಹಳ ಕೆಳಗಿರುತ್ತದೆ. ಆದರೆ ತೆರೆದಿಟ್ಟ ಪುಡಿ ನಿಧಾನವಾಗಿ ಸುತ್ತಲಿನ ಗಾಳಿಗೆ ಹೊಂದಿಕೊಳ್ಳುತ್ತ ಹೋಗುತ್ತದೆ: ಗಾಳಿಯ ತೇವಾಂಶ ಶೇ 85 ಇದ್ದರೆ ಪುಡಿಯ ಅಳತೆ ಕೊನೆಗೆ 0.85ಕ್ಕೆ ಬಂದು ನಿಲ್ಲುತ್ತದೆ. ಜುಲೈ ತಿಂಗಳಲ್ಲಿ ಕಾರವಾರದ ಗಾಳಿಯಲ್ಲಿ ಅಷ್ಟು ತೇವ ದಿನವಿಡೀ ಇರುತ್ತದೆ. ಮುಚ್ಚಳ ಸಡಿಲವಾಗಿದ್ದ ಡಬ್ಬದಲ್ಲಿ ಮೇಲ್ಪದರದ ಪುಡಿ ಒಂದು ತಿಂಗಳಲ್ಲಿ ಎಲ್ಲಿಗೆ ತಲುಪಿರಬಹುದು ಎಂದು ನೀವೇ ಊಹಿಸಿಕೊಳ್ಳಬಹುದು.

ಬಣ್ಣ ಕಂದಿದ್ದಕ್ಕೆ ಕಾರಣ ಬೇರೆ, ನನ್ನ ದೃಷ್ಟಿಯಲ್ಲಿ ಗಂಟಿಗಿಂತ ಅದೇ ಹೆಚ್ಚು ಮುಖ್ಯವಾದದ್ದು. ಧಾರವಾಡದ ಪೇಡೆಗೆ ಆ ಕಂದು ಬಣ್ಣ ಹೇಗೆ ಬರುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಹಾಲಿನ ಪ್ರೋಟೀನು ಮತ್ತು ಸಕ್ಕರೆ ಬೆಂಕಿಯ ಮೇಲೆ ಒಂದಕ್ಕೊಂದು ಕೂಡಿಕೊಂಡು ಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. ಮೈಲಾರ್ಡ್ ಕ್ರಿಯೆ ಎಂದು ಹೆಸರಿರುವ ಇದೇ ಬದಲಾವಣೆ, ಬೆಚ್ಚಗಿನ ಜಾಗದಲ್ಲಿ ತೇವ ತಾಗಿದ ಪುಡಿಯೊಳಗೆ ಬೆಂಕಿಯಿಲ್ಲದೆಯೇ ವಾರಗಟ್ಟಲೆ ನಡೆಯುತ್ತದೆ. ಪೇಡೆಯಲ್ಲಿ ಅದು ನಮಗೆ ಬೇಕಾದದ್ದು. ಪುಡಿಯಲ್ಲಿ ಅದು ಲೈಸಿನ್ ಎಂಬ ಅಮೈನೋ ಆಮ್ಲವನ್ನು ಕಟ್ಟಿಹಾಕಿ ದೇಹಕ್ಕೆ ಸಿಗದಂತೆ ಮಾಡುತ್ತದೆ. ಲೈಸಿನ್ ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದ, ಆಹಾರದಿಂದಲೇ ಬರಬೇಕಾದ ಅಂಶ. ಹೀಗಾಗಿ ಕಂದಿದ ಪುಡಿ ಹೊಟ್ಟೆ ಕೆಡಿಸದೇ ಇರಬಹುದು, ಆದರೆ ನೀವು ಯಾವುದಕ್ಕಾಗಿ ಹಣ ಕೊಟ್ಟಿರೋ ಅದು ಅದರಲ್ಲಿ ಕಡಿಮೆಯಾಗಿರುತ್ತದೆ.

ಈಗ ನಿಮ್ಮ ಡಬ್ಬವನ್ನು ಹೀಗೆ ಪರೀಕ್ಷಿಸಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಒಂದು ಗಂಟನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಿರಿ. ಒಣ ಮಣ್ಣಿನ ಹೆಂಟೆಯಂತೆ ಪುಡಿಪುಡಿಯಾಗಿ ಉದುರಿದರೆ ಅದು ಸಾಗಾಟದಲ್ಲಿ ಅಡಕವಾಗಿಯೋ ಅಲ್ಪ ತೇವದಿಂದಲೋ ಆದ ಗಂಟು. ಬೆರಳಿಗೆ ಮೆತ್ತಿಕೊಂಡು ಒಳಗೆ ಮೇಣದಂತೆ ಹೊಳೆದರೆ ತೇವ ಆಳಕ್ಕೆ ಇಳಿದಿದೆ ಎಂದೇ ಅರ್ಥ. ಬಳಿಕ ಆ ಗಂಟನ್ನು ಒಡೆದು ಮೂಸಿ ನೋಡಿ. ಒಳ್ಳೆಯ ಪುಡಿಗೆ ಹಾಲಿನ ಪುಡಿಯ ಸೌಮ್ಯ ವಾಸನೆ ಇರುತ್ತದೆ. ಹಳೆಯ ಎಣ್ಣೆಯ ಕಮಟು ಬಂದರೆ ಕೊಬ್ಬಿನಂಶ ಕೆಟ್ಟಿದೆ. ನೆನೆದ ರಟ್ಟಿನ ಅಥವಾ ಮುಗ್ಗಲು ವಾಸನೆ ಬಂದರೆ ಮುಂದೆ ಯೋಚಿಸಬೇಕಾಗಿಲ್ಲ. ಚಾಕೊಲೇಟ್ ಸ್ವಾದದ ಪುಡಿಯಲ್ಲಿ ವಾಸನೆಯೂ ಬಣ್ಣವೂ ಮುಚ್ಚಿಹೋಗುವುದರಿಂದ ಒಂದು ಚಿಟಿಕೆ ನಾಲಗೆಯ ಮೇಲಿಟ್ಟು ನೋಡಿ, ಕಹಿ ಎನಿಸಿದರೆ ಉಗುಳಿ ಬಾಯಿ ಮುಕ್ಕಳಿಸಿ. ಮುಚ್ಚಳದ ಒಳಬದಿ, ಡಬ್ಬದ ಅಂಚು, ಚಮಚದ ಹಿಡಿಕೆ, ಈ ಮೂರು ಕಡೆ ಬಿಳಿ, ಹಸಿರು ಅಥವಾ ಕಪ್ಪು ಚುಕ್ಕೆ ಒಂದೇ ಒಂದು ಕಂಡರೂ ಇಡೀ ಡಬ್ಬ ಹೋಯಿತೆಂದೇ ತಿಳಿಯಿರಿ. ಮೇಲಿನದನ್ನು ತೆಗೆದು ಕೆಳಗಿನದನ್ನು ಬಳಸುವ ಯೋಚನೆ ಬೇಡ, ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಹೋಗಿರುತ್ತವೆ.

ನೀವು ಬರೆದಿರುವಂತೆ ಗಂಟೂ ಇದ್ದು ಬಣ್ಣವೂ ಕಂದಿದ್ದರೆ, ಆ ಪುಡಿಯನ್ನು ಬಿಟ್ಟುಬಿಡಿ ಎಂಬುದೇ ನನ್ನ ಸಲಹೆ. ಬಿಸಿಲಿಗೆ ಹರಡುವುದಂತೂ ಖಂಡಿತ ಬೇಡ. ಹಪ್ಪಳ, ಸಂಡಿಗೆ, ಮುರುಗಲು ಸಿಪ್ಪೆಯನ್ನು ಬಿಸಿಲಿಗೆ ಹಾಕಿ ಉಳಿಸಿಕೊಂಡವರು ನಾವು, ಹಾಗಾಗಿ ಆ ಯೋಚನೆ ಬರುವುದು ಸಹಜ. ಆದರೆ ಹಾಲಿನ ಅಂಶಕ್ಕೆ ಬಿಸಿಲು ಆಗುವುದಿಲ್ಲ. ಬೆಳಕು ತಾಗಿದರೆ ಅದರಲ್ಲಿರುವ ರೈಬೋಫ್ಲೇವಿನ್ ಎಂಬ ಜೀವಸತ್ವದ ಮೂಲಕ ಕೊಬ್ಬೂ ಪ್ರೋಟೀನೂ ಇನ್ನಷ್ಟು ಬೇಗ ಕೆಡುತ್ತವೆ, ಬಿಸಿಗೆ ಬಣ್ಣ ಮತ್ತಷ್ಟು ಕಂದುತ್ತದೆ, ಒಮ್ಮೆ ಕಟ್ಟಿಹೋದ ಲೈಸಿನ್ ಮರಳಿ ಬರುವುದಿಲ್ಲ.

ಕೊಳ್ಳುವಾಗಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಅಳತೆ ಚಮಚಕ್ಕೆ 30 ಗ್ರಾಂ ಹಿಡಿದರೆ 1 ಕಿಲೋ ಪುಡಿ ದಿನಕ್ಕೊಂದರಂತೆ 33 ದಿನಕ್ಕೆ ಮುಗಿಯುತ್ತದೆ, 2 ಕಿಲೋಗೆ ಎರಡು ತಿಂಗಳಿಗೂ ಹೆಚ್ಚು ಬೇಕು. ನಮ್ಮ ಕರಾವಳಿಯಲ್ಲಿ ಮಳೆಗಾಲದ ನಡುವೆ ಸೀಲ್ ಒಡೆದ ಪುಡಿಯನ್ನು ಐದಾರು ವಾರಗಳಲ್ಲಿ ಮುಗಿಸುವಂತಿರಬೇಕು, ಬೇಸಿಗೆಯಲ್ಲಿ ಮೂರು ತಿಂಗಳವರೆಗೆ ಹೋಗಬಹುದು ಎಂಬುದು ನಾನು ಇಟ್ಟುಕೊಂಡಿರುವ ಅಂದಾಜು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕಿಲೋದ, ಅಥವಾ ಇನ್ನೂ ಚಿಕ್ಕ, ಪೊಟ್ಟಣ ತರಿಸಿ. ರಿಯಾಯಿತಿಯಲ್ಲಿ ಉಳಿದ ಹಣ ಗಂಟಾದ ಪುಡಿಯ ಜೊತೆಗೇ ಹೋಗುತ್ತದೆ.

ಪ್ರಶ್ನೆ: ಶಿರಸಿಯ ಹತ್ತಿರದ ಹಳ್ಳಿ ನಮ್ಮದು. ಶಸ್ತ್ರಚಿಕಿತ್ಸೆಯಾದ ನಮ್ಮ ಅಪ್ಪಯ್ಯನಿಗೆ ವೈದ್ಯರು ಪ್ರೋಟೀನ್ ಪುಡಿ ಬರೆದುಕೊಟ್ಟಿದ್ದಾರೆ. ಮಳೆಗೆ ಹಾಳಾಗಬಾರದೆಂದು ಡಬ್ಬವನ್ನು ಫ್ರಿಜ್‌ನಲ್ಲೇ ಇಡುತ್ತಿದ್ದೇವೆ. ಸರಿಯೇ?

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೂ ಇಂದೇ ಹೊರಗೆ ತೆಗೆದಿಡಿ. ಮಳೆಗಾಲದಲ್ಲಿ ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿಯ ಮೈಮೇಲೆ ಕ್ಷಣದಲ್ಲಿ ಹನಿ ಕೂರುವುದನ್ನು ನೀವು ದಿನವೂ ನೋಡುತ್ತೀರಿ. ನಿಮ್ಮ ಡಬ್ಬದ ಮುಚ್ಚಳ ತೆಗೆದಾಗ ತಣ್ಣಗಿನ ಪುಡಿಯ ಮೇಲೂ ಅದೇ ನಡೆಯುತ್ತದೆ. ಗಾಳಿಯಲ್ಲಿ ತೇವ ತುಂಬಿರುವಾಗ ಅದು ಎರಡು ಮೂರು ಡಿಗ್ರಿ ತಣ್ಣಗಾದರೂ ಸಾಕು, ನೀರು ಬಿಡುತ್ತದೆ. ಫ್ರಿಜ್‌ನಲ್ಲಿದ್ದ ಪುಡಿ ಕೋಣೆಯ ಗಾಳಿಗಿಂತ 20 ಡಿಗ್ರಿಯಷ್ಟು ತಣ್ಣಗಿರುತ್ತದೆ. ದಿನಕ್ಕೆರಡು ಸಲ ತೆರೆದರೆ ದಿನಕ್ಕೆರಡು ಸಲ ಕಣ್ಣಿಗೆ ಕಾಣದಷ್ಟು ಇಬ್ಬನಿ ಬಿದ್ದಂತೆ.

ಇದನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಕುಮಟಾದಲ್ಲಿ ನಮ್ಮ ಆಯಿಗೆ ಇಂಥದೇ ಪುಡಿ ಕೊಡಬೇಕಾಗಿ ಬಂದಾಗ, ಕೈಗೆಟಕುವಂತಿರಲಿ ಎಂದು ಡಬ್ಬವನ್ನು ಗ್ಯಾಸ್ ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟಿದ್ದೆ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಕುದಿಯುವ ಹೊತ್ತಿಗೆ ಅದರ ಹಬೆ ನೇರವಾಗಿ ಆ ಮೂಲೆಗೇ ಹೋಗುತ್ತಿತ್ತು. ಮೂರನೆಯ ವಾರ ಚಮಚ ಹಾಕಿದಾಗ ಪುಡಿ ಅಂಚಿನಿಂದ ಬಿಟ್ಟು, ನಡುವೆ ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿ ಎದ್ದು ಬಂತು. ಅಂದು ಆಯಿ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟಾಗ ಬಾಯಿರುಚಿ ಇಲ್ಲವೆಂದು ನಾನು ಒತ್ತಾಯ ಮಾಡಿದ್ದೆ, ಆ ಒತ್ತಾಯವನ್ನು ಈಗಲೂ ಮರೆತಿಲ್ಲ. ಕಾಯಿಲೆಯವರು ಬೇಡವೆಂದರೆ ಮೊದಲು ಡಬ್ಬವನ್ನು ಮೂಸಿ ನೋಡಿ.

ಹಾಗಾದರೆ ಎಲ್ಲಿಡಬೇಕು? ಒಲೆ, ಸಿಂಕು, ಬಚ್ಚಲು, ಹೊರಗೋಡೆ ಈ ನಾಲ್ಕರಿಂದಲೂ ದೂರ. ಮಳೆಗಾಲದಲ್ಲಿ ಹೊರಗೋಡೆಯೇ ಬೆವರುತ್ತದೆ, ಅದಕ್ಕೆ ತಾಗಿದ ಕಪಾಟಿನ ಒಳಗೂ ಮುಗ್ಗಲು ಇರುತ್ತದೆ. ನಿಮ್ಮ ಭಾಗದ ಹಳೆಯ ಮನೆಗಳಲ್ಲಿ ಹಪ್ಪಳದ ತಗಡಿನ ಡಬ್ಬಗಳನ್ನು ನಡುಮನೆಯ ಅಟ್ಟದಲ್ಲಿ ಇಡುತ್ತಿದ್ದುದು ಇದೇ ಕಾರಣಕ್ಕೆ, ಅಲ್ಲಿಗೆ ಎರಚಲೂ ಬರದು, ಅಡುಗೆಯ ಹಬೆಯೂ ತಾಗದು. ಪುಡಿಗೂ ನಡುಮನೆಯ ಒಳಗೋಡೆಯ ಕಪಾಟು ಒಳ್ಳೆಯ ಜಾಗ. ಹೊಗೆ ಅಟ್ಟ ಮಾತ್ರ ಬೇಡ, ಅಲ್ಲಿ ಅಡಿಕೆ, ಮೆಣಸು ಬಾಳುತ್ತವೆ, ಹಾಲಿನ ಪುಡಿ ಬಿಸಿಗೆ ಕಂದುತ್ತದೆ.

ಪುಡಿಯನ್ನು ಅಂದದ ಗಾಜಿನ ಭರಣಿಗೆ ಸುರಿಯಬೇಡಿ. ಮೂಲ ಪೊಟ್ಟಣದಲ್ಲೇ ಬಿಟ್ಟು, ಗಾಳಿ ಒತ್ತಿ ತೆಗೆದು, ಬಾಯಿ ಮಡಚಿ ಕ್ಲಿಪ್ ಹಾಕಿ, ರಬ್ಬರ್ ಸುತ್ತಿರುವ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದೊಳಗೆ ಆ ಪೊಟ್ಟಣವನ್ನೇ ಇಡಿ. ವಾರಕ್ಕೆ ಬೇಕಾಗುವಷ್ಟನ್ನು ಚಿಕ್ಕ ಡಬ್ಬಕ್ಕೆ ತೆಗೆದುಕೊಂಡರೆ ದೊಡ್ಡ ಡಬ್ಬದ ಬಾಯಿ ವಾರಕ್ಕೊಮ್ಮೆ ಮಾತ್ರ ತೆರೆಯುತ್ತದೆ. ನನ್ನ ಅನುಭವದಲ್ಲಿ ಈ ಒಂದು ಅಭ್ಯಾಸದಷ್ಟು ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ. ಹಾಗೆ ತೆಗೆಯುವ ಕೆಲಸವನ್ನು ಮಳೆ ಹೊಳವಾದ ದಿನ ಮಧ್ಯಾಹ್ನ ಮಾಡಿ. ಚಮಚ ಒದ್ದೆ ಇರಬಾರದು, ಕುದಿಯುವ ಹಾಲಿನ ಪಾತ್ರೆಯ ಮೇಲೆ ಹಿಡಿದ ಚಮಚವನ್ನು ಮರಳಿ ಡಬ್ಬಕ್ಕೆ ಹಾಕಬಾರದು, ಏಕೆಂದರೆ ಹಬೆ ಅದಕ್ಕೆ ಅಂಟಿರುತ್ತದೆ. ಸೀಲ್ ತೆಗೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆದಿಡಿ.

ಮನೆಯ ಬೇರೆಯವರ ವಿಷಯದಲ್ಲಿ ಗಂಟು ಒಡೆದು ನೋಡಿ ನಿರ್ಧರಿಸಬಹುದು. ಶಸ್ತ್ರಚಿಕಿತ್ಸೆಯಾದವರು, ವಯಸ್ಸಾದವರು, ಗರ್ಭಿಣಿಯರು ಇವರಿಗೆ ಅನುಮಾನವಿರುವ ಪುಡಿಯನ್ನು ಕೊಡಲೇಬಾರದು. ಹಸುಗೂಸಿನ ಹಾಲಿನ ಪುಡಿಯ ನಿಯಮ ಇನ್ನೂ ಕಟ್ಟುನಿಟ್ಟಾದದ್ದು, ಸೀಲ್ ತೆಗೆದ ಮೇಲೆ ಎಷ್ಟು ದಿನ ಎಂಬುದನ್ನು ಅದರ ಡಬ್ಬದ ಮೇಲೆಯೇ ಬರೆದಿರುತ್ತಾರೆ, ಅದನ್ನು ಒಂದು ದಿನವೂ ಮೀರಬೇಡಿ.

ಪ್ರಶ್ನೆ: ಹೊನ್ನಾವರದಲ್ಲಿ ಕೊಂಡ ಡಬ್ಬ, ಸೀಲ್ ತೆಗೆದಿಲ್ಲ, ಅವಧಿ ಮುಗಿದು ಎರಡು ತಿಂಗಳಾಯಿತು. ಪುಡಿ ತಾನೇ, ಏನೂ ಆಗುವುದಿಲ್ಲ ಎನ್ನುತ್ತಾರೆ ಗೆಳೆಯರು.

ಉತ್ತರ: ಮೊದಲು ದಿನಾಂಕದ ಹಿಂದೆ ಯಾವ ಪದಗಳಿವೆ ಎಂದು ನೋಡಿ. ಬೆಸ್ಟ್ ಬಿಫೋರ್ ಎಂದರೆ ಅಲ್ಲಿಯವರೆಗೆ ಗುಣಮಟ್ಟ ಪೂರ್ಣವಾಗಿರುತ್ತದೆ, ಮುಂದೆ ಕುಂದಬಹುದು ಎಂದು. ಎಕ್ಸ್‌ಪೈರಿ ಅಥವಾ ಯೂಸ್ ಬೈ ಎಂದರೆ ಆ ದಿನದ ಬಳಿಕ ಗುಣಮಟ್ಟಕ್ಕೂ ಸುರಕ್ಷತೆಗೂ ಭರವಸೆಯಿಲ್ಲ, ಮಾರುವಂತೆಯೂ ಇಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ ಎಕ್ಸ್‌ಪೈರಿ ಅಥವಾ ಯೂಸ್ ಬೈ ದಿನಾಂಕವನ್ನು ಹಾಕುವುದು ಕಡ್ಡಾಯ, ಬೆಸ್ಟ್ ಬಿಫೋರ್ ಐಚ್ಛಿಕ. ಸೀಲ್ ಇದ್ದು ಒಣಗಿದ್ದ ಪುಡಿ ಎರಡು ತಿಂಗಳಿಗೆ ವಿಷವಾಗುವುದಿಲ್ಲ ಎಂಬಷ್ಟರಮಟ್ಟಿಗೆ ನಿಮ್ಮ ಗೆಳೆಯರ ಮಾತು ನಿಜ. ಆದರೆ ನಮ್ಮ ಊರಿನ ಸೆಕೆಯಲ್ಲಿ, ತಗಡಿನ ಮಾಡಿನ ಗೋದಾಮಿನಲ್ಲಿ ಒಂದು ಬೇಸಿಗೆ ಕಳೆದಿರಬಹುದಾದ ಡಬ್ಬಕ್ಕೆ ಅವಧಿ ಮೀರಿದ ಮೇಲೂ ರಿಯಾಯಿತಿ ಕೊಡಲು ನನಗೆ ಮನಸ್ಸಿಲ್ಲ. ಬಳಸಬೇಡಿ.

ಆನ್‌ಲೈನ್‌ನಲ್ಲಿ ತರಿಸುವವರಿಗೆ ಒಂದು ಮಾಹಿತಿ. ಗ್ರಾಹಕರ ಕೈಸೇರುವಾಗ ಆಹಾರ ಪದಾರ್ಥದ ಒಟ್ಟು ಅವಧಿಯಲ್ಲಿ ಶೇ 30ರಷ್ಟು ಅಥವಾ 45 ದಿನ ಉಳಿದಿರುವಂತೆ ನೋಡಿಕೊಳ್ಳಬೇಕೆಂದು ಇದೇ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಸೂಚಿಸಿದೆ. ಪೊಟ್ಟಣ ಬಂದ ಕೂಡಲೇ ತಯಾರಿಕೆಯ ದಿನ, ಕೊನೆಯ ದಿನ, 14 ಅಂಕಿಗಳ ಪರವಾನಗಿ ಸಂಖ್ಯೆ ನೋಡಿ. ದಿನಾಂಕದ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ ಸೀಲ್ ತೆಗೆಯದೆ ಹಿಂದಿರುಗಿಸಿ. ಮಾರಿದವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಪ್ರಶ್ನೆ: ಅಂಕೋಲಾದಿಂದ ಬರೆಯುತ್ತಿದ್ದೇನೆ. ಅಂಗಡಿಯ ಪುಡಿ ದುಬಾರಿಯೆಂದು ಶೇಂಗಾ, ಹುರಿಗಡಲೆ, ಸೋಯಾ, ಬಾದಾಮಿ ಹುರಿದು ನಾನೇ ಪುಡಿ ಮಾಡುತ್ತೇನೆ. ಇದೂ ವರ್ಷವಿಡೀ ಇರುತ್ತದೆಯೇ?

ಉತ್ತರ: ಇರುವುದಿಲ್ಲ. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ, ಬಾದಾಮಿಯಲ್ಲೂ ಹಾಗೆಯೇ. ಇಡೀ ಬೀಜವಾಗಿರುವಾಗ ಆ ಎಣ್ಣೆ ಒಳಗೆ ಕಾಪಿಟ್ಟಿರುತ್ತದೆ, ಪುಡಿ ಮಾಡಿದೊಡನೆ ಗಾಳಿಗೆ ತೆರೆದುಕೊಂಡು ಕಮಟತೊಡಗುತ್ತದೆ. ಹುರಿಗಡಲೆಯೊಂದನ್ನೇ ಪುಡಿ ಮಾಡಿದರೆ ಬಿಗಿ ಡಬ್ಬದಲ್ಲಿ ಒಂದು ತಿಂಗಳು ಇಡಬಹುದು. ಎಣ್ಣೆಕಾಳು ಸೇರಿದ್ದನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕಿಂತ ಹೆಚ್ಚಿಗೆ ಮಾಡಿಡಬೇಡಿ. ಹುರಿದದ್ದು ಪೂರ್ತಿ ಆರಿದ ಮೇಲೆಯೇ ಮಿಕ್ಸಿಗೆ ಹಾಕಿ, ಮಿಕ್ಸಿಯಲ್ಲಿ ಬಿಸಿಯಾದ ಪುಡಿಯನ್ನೂ ಒಣ ತಟ್ಟೆಯಲ್ಲಿ ಹರಡಿ ಆರಿಸಿ, ಆಮೇಲೆ ತುಂಬಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ತೇವ ತಾಗಿದ ಶೇಂಗಾದ ಮೇಲೆ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಅದು ಯಕೃತ್ತಿಗೆ ಹಾನಿಕರ, ದೀರ್ಘಕಾಲ ಹೊಟ್ಟೆಗೆ ಹೋದರೆ ಕ್ಯಾನ್ಸರ್‌ಗೂ ಕಾರಣ, ಮನೆಯಲ್ಲಿ ಹುರಿಯುವ ಬಿಸಿಗೆ ಪೂರ್ತಿಯಾಗಿ ನಾಶವಾಗುವುದಿಲ್ಲ. ಆದ್ದರಿಂದ ಸುಕ್ಕಿದ, ಕಪ್ಪಾದ, ಒಳಗೆ ಹಸಿರು ಹಿಡಿದ ಬೀಜಗಳನ್ನು ಹುರಿಯುವ ಮೊದಲೇ ಒಂದೊಂದಾಗಿ ಆರಿಸಿ ಬಿಸಾಡಿ.

ಪ್ರಶ್ನೆ: ಡಬ್ಬದೊಳಗೆ ಬರುವ ಚಿಕ್ಕ ಚೀಲವನ್ನು ತೆಗೆದು ಎಸೆಯಬೇಕೇ? ಅದರ ಬದಲು ಉಪ್ಪಿಗೆ ಹಾಕುವಂತೆ ಹುರಿದ ಅಕ್ಕಿ ಹಾಕಬಹುದೇ? (ಭಟ್ಕಳದ ಓದುಗರು)

ಉತ್ತರ: ಅದು ತೇವ ಹೀರುವ ಸಿಲಿಕಾ ಜೆಲ್, ಪುಡಿ ಮುಗಿಯುವವರೆಗೂ ಒಳಗೇ ಇರಲಿ. ಹರಿದಿದ್ದರೆ ಮಾತ್ರ ತೆಗೆಯಿರಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಹೀರಿ ಹೀರಿ ತುಂಬಿದ ಮೇಲೆ ಅದೂ ಸೋಲುತ್ತದೆ, ಮುಚ್ಚಳ ಸಡಿಲವಿದ್ದರೆ ನಮ್ಮ ಮಳೆಗೆ ಅದು ಕೆಲವೇ ದಿನದ ಮಾತು. ಹುರಿದ ಅಕ್ಕಿ ಹೀರುವುದು ಬಹಳ ಕಡಿಮೆ, ಅದರ ಜೊತೆಗೆ ಕುಟ್ಟೆ ಹುಳು ಬರುವ ಸಾಧ್ಯತೆಯೂ ಇದೆ. ಉಪ್ಪಿನಲ್ಲಿ ಹುಳು ಬದುಕುವುದಿಲ್ಲ, ಪ್ರೋಟೀನ್ ಪುಡಿಯಲ್ಲಿ ಚೆನ್ನಾಗಿ ಬದುಕುತ್ತದೆ.

ಪ್ರಶ್ನೆ: ಬೆಳಿಗ್ಗೆ ಆರಕ್ಕೆ ಮನೆಯಲ್ಲಿ ಕಲಸಿ ಕೈಗಾದ ಕೆಲಸಕ್ಕೆ ಒಯ್ಯುತ್ತೇನೆ, ಹತ್ತು ಗಂಟೆಗೆ ಕುಡಿಯುತ್ತೇನೆ. ಶೇಕರ್ ಬಾಟಲಿ ಎಷ್ಟು ತೊಳೆದರೂ ನಾತ ಹೋಗುವುದಿಲ್ಲ.

ಉತ್ತರ: ಪುಡಿಯಾಗಿರುವಾಗ ತಿಂಗಳುಗಟ್ಟಲೆ ಬಾಳುವುದು ನೀರೋ ಹಾಲೋ ಬಿದ್ದ ಗಳಿಗೆಯಿಂದ ಹಸಿ ಹಾಲಿನಷ್ಟೇ ಸೂಕ್ಷ್ಮವಾಗುತ್ತದೆ. ಹೊರಗಿನ ಸೆಕೆಯಲ್ಲಿ ಎರಡು ಗಂಟೆಯೊಳಗೆ ಕುಡಿಯಬೇಕು, ನಾಲ್ಕು ಗಂಟೆ ಬಹಳವಾಯಿತು. ಒಂದು ಅಳತೆ ಪುಡಿಯನ್ನು ಚಿಕ್ಕ ಒಣ ಡಬ್ಬದಲ್ಲಿ ಒಯ್ದು ಅಲ್ಲಿಯೇ ಕಲಸಿಕೊಳ್ಳಿ. ನಾತ ಇರುವುದು ಬಾಟಲಿಯಲ್ಲಲ್ಲ, ಮುಚ್ಚಳದೊಳಗಿನ ರಬ್ಬರ್ ಬಳೆಯಲ್ಲಿ. ಚೂಪಲ್ಲದ ಚಮಚದ ಹಿಡಿಕೆಯಿಂದ ಅದನ್ನು ಎಬ್ಬಿಸಿ ತೆಗೆದರೆ ಅಡಿಯಲ್ಲಿ ಬೆಳ್ಳಗೆ ಮೊಸರಿನಂತೆ ಮೆತ್ತಿಕೊಂಡಿರುವುದು ಕಾಣುತ್ತದೆ. ಅದನ್ನು ಬೇರೆಯಾಗಿ ಸೋಪು ಹಾಕಿ ತಿಕ್ಕಿ, ಒಣಗಿಸಿ, ಮರಳಿ ಹಾಕಿ. ಕುಡಿದ ಕೂಡಲೇ ಬಾಟಲಿಗೆ ನೀರು ಸುರಿದು ಕುಲುಕಿ ಚೆಲ್ಲಿ, ರಾತ್ರಿ ಮುಚ್ಚಳ ತೆಗೆದು ಬೋರಲು ಇಡಿ.

ಪ್ರಶ್ನೆ: ಕೆಟ್ಟ ಪುಡಿಯನ್ನು ಕೊಟ್ಟಿಗೆಯ ಹಸುವಿಗೆ ಹಾಕಬಹುದೇ? (ಸಿದ್ದಾಪುರ)

ಉತ್ತರ: ಹಾಕಬೇಡಿ. ಬೂಷ್ಟು ಹಿಡಿದದ್ದು ಮನುಷ್ಯರಿಗೆ ಆಗದಿದ್ದರೆ ದನಕ್ಕೂ ಆಗದು, ಅಫ್ಲಾಟಾಕ್ಸಿನ್ ಇದ್ದರೆ ಅದರ ಅಂಶ ಹಾಲಿಗೂ ಇಳಿದು ಮರಳಿ ನಿಮ್ಮ ಮನೆಯವರ ಲೋಟಕ್ಕೇ ಬರುತ್ತದೆ. ಗೊಬ್ಬರದ ಗುಂಡಿಯಲ್ಲಿ ಸೊಪ್ಪು, ತರಗೆಲೆಯ ನಡುವೆ ತೆಳುವಾಗಿ ಹರಡಿ ಮೇಲೆ ಮಣ್ಣು ಮುಚ್ಚಿ. ಒಂದೇ ಕಡೆ ಸುರಿದರೆ ವಾಸನೆಗೆ ನಾಯಿ, ಹೆಗ್ಗಣ ಬಂದು ಕೆದರುತ್ತವೆ.